ಹತ್ತಿರದವರ ಆಕಳಿಕೆ

ಮೂರನೇ ವಾರವೂ ಗಡಿಯಾರ ರಿಪೇರಿಯವನು ಆಕಳಿಸಲಿಲ್ಲ.

ಗಾಜಿನ ಆಚೆ ಕುಳಿತ ಸಹಾಯಕಿಗೆ ಅದೇ ತಲೆನೋವಾಗಿತ್ತು. ಒಬ್ಬರ ಆಕಳಿಕೆ ಇನ್ನೊಬ್ಬರಿಗೆ ಯಾಕೆ ಅಂಟುತ್ತದೆ ಎಂದು ಹುಡುಕುವ ಪ್ರಯೋಗಾಲಯ ಅದು. ಪರದೆಯ ಮೇಲೆ ಗುರುತು ಪರಿಚಯವಿಲ್ಲದವರು ಒಬ್ಬರಾದ ಮೇಲೊಬ್ಬರು ಆಕಳಿಸುತ್ತಾರೆ. ನೋಡಲು ಬಂದವರು ಎಷ್ಟು ಸಲ ಆಕಳಿಸಿದರೆಂದು ಅವಳು ಬರೆದಿಡಬೇಕು. ಇವನೋ, ಕಲ್ಲುಗುಂಡಿನ ಹಾಗೆ ಕೂತಿರುತ್ತಾನೆ.

"ನನ್ನಲ್ಲೇನಾದ್ರೂ ಐಬಿದ್ಯಾ, ಮೇಡಂ?"

"ಛೇ, ಎಷ್ಟೋ ಜನಕ್ಕೆ ಅಂಟಲ್ಲ. ಹತ್ತಿರದವರದ್ದಾದ್ರೆ ಬೇಗ ಅಂಟುತ್ತೆ ಅಂತಾರೆ ಕೆಲವರು. ಇನ್ನೂ ಖಾತ್ರಿಯಾಗಿಲ್ಲ."

"ಮತ್ತೆ ಆ ಪರದೆಯೋರು ನಂಗೇನಾಗ್ಬೇಕು ಹೇಳಿ?" ಅವನು ನಕ್ಕ. ಕಣ್ಣು ಮಾತ್ರ ಅವಳ ಮೇಲೇ ಇತ್ತು. ಅವಳು ಪೆನ್ನಿನ ಮುಚ್ಚಳ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದಳು.

ನಾಲ್ಕನೇ ವಾರ ಅವಳ ಕಣ್ಣು ಕೆಂಪಗಿತ್ತು. ಹಾಸಿಗೆ ಹಿಡಿದ ಅಮ್ಮನ ಮಗ್ಗುಲು ಬದಲಿಸುತ್ತ ನಿದ್ದೆಗೆಟ್ಟೆನೆಂದು ಬಂದ ಕೂಡಲೇ ಅವನಿಗೆ ಹೇಳಿದ್ದಳು. ಎಷ್ಟು ತಡೆದರೂ ಅವಳಿಗೇ ಆಕಳಿಕೆ ಬಂದುಬಿಟ್ಟಿತು. ಪರದೆ ಬಿಟ್ಟು ಅವಳನ್ನೇ ನೋಡುತ್ತಿದ್ದವನೂ ಆಕಳಿಸಿದ, ಕಣ್ಣಲ್ಲಿ ನೀರು ಬರುವಷ್ಟು.

ಇಬ್ಬರೂ ನಗಬಹುದಿತ್ತು. ನಗಲಿಲ್ಲ.

ಅವಳು ಎದ್ದು ಅವನಿದ್ದ ಕೋಣೆಗೆ ಬಂದಳು. "ಇದು ಪ್ರಯೋಗಕ್ಕೆ ನಡೆಯಲ್ಲ. ನಿಮ್ಮ ಹಾಳೆನೇ ತೆಗೆದುಹಾಕ್ಬೇಕು. ತಪ್ಪು ನಂದು. ಇನ್ನು ನೀವು ಬರೋದು ಬೇಡ."

"ಹೇಗೂ ಇವತ್ತೇ ಕೊನೆ. ಭಾವ ತೀರ್ಕೊಂಡ್ರು. ಅಕ್ಕ, ಎರಡು ಮಕ್ಕಳು... ಅಂಗಡಿ ಮುಚ್ಚಿ ಅಕ್ಕನ ಊರಿಗೇ ಹೋಗ್ತಿದೀನಿ." ಅವಳ ಕಡೆ ತಿರುಗಿ ಹೇಳಿದ: "ನೀವೂ ಬರ್ತೀರಾ ಅಂತ ಕೇಳೋಕೇ ಬಂದೆ. ಅಮ್ಮನ್ನೂ ಕರ್ಕೊಂಡು."

ಅವಳಿಗೆ ಹೂಂ ಎನ್ನಬೇಕೆನಿಸಿತು. ಆದರೆ ಅಮ್ಮನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದರೇ ಆಕೆಗೆ ಉಸಿರು ಕಟ್ಟುತ್ತದೆ. ಜಾಗ ಬದಲಿಸುವ ಮಾತೇ ಬೇಡವೆಂದು ಡಾಕ್ಟರ್ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು.

"ಅಮ್ಮ ಪ್ರಯಾಣ ತಡ್ಕೊಳಲ್ಲ. ಬಿಟ್ಟು ಬರೋಕೆ ನನ್ನಿಂದಾಗಲ್ಲ."

"ಕಾಯ್ಲಾ?"

"ಬೇಡ. ನೀವು ಕಾಯ್ತಿದೀರ ಅಂತ ಗೊತ್ತಿದ್ರೆ, ನಾನು ಅಮ್ಮನ ಸಾವಿಗೆ ಕಾದ ಹಾಗಾಗುತ್ತೆ."

ಅವನು ಕುರ್ಚಿಯಿಂದ ಎದ್ದ. ಆಮೇಲೆ ಕೇಳಿದ, "ಒಂದೇ ಮಾತು ಹೇಳಿಬಿಡಿ. ನನ್ನ ಮೇಲೆ ಇಷ್ಟ ಇತ್ತಾ?"

"ಇದೆ."

ಅವನು ಅವಳ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದು, ಬಿಟ್ಟು, ಹೊರಟುಹೋದ. ಅವಳು ಮುಖ ತೊಳೆದುಕೊಂಡು ಬಂದು ಮುಂದಿನವರನ್ನು ಒಳಗೆ ಕರೆದಳು.