ಅಧ್ಯಕ್ಷರ ಹೆಂಡ್ತಿಯ ಸ್ವಂತ ಮಾತು

ಗ್ರಾಮ ಪಂಚಾಯಿತಿ ಅಧ್ಯಕ್ಷೆ ಸೃಷ್ಟಿ ಹೂಗಾರ ಠರಾವು ಓದಿ ಮುಗಿಸಿದಾಗ ಅವಳ ಹಣೆಗೆ ಕಟ್ಟಿದ ಯಂತ್ರದ ಪಟ್ಟಿಯ ಮೇಲೆ ಹಸಿರು ದೀಪ ಹತ್ತಿತು. ಸಭೆ ಚಪ್ಪಾಳೆ ತಟ್ಟಿತು. ಆ ಯಂತ್ರ ಕಂಡುಹಿಡಿದ ಡಾ. ನಿಹಾರಿಕಾ ತಳವಾರ ಮಾತ್ರ ಹುಬ್ಬು ಗಂಟಿಕ್ಕಿದಳು. ಕೆಂಪು ಹತ್ತಬೇಕಿತ್ತಲ್ಲ!

ಇದು ೨೦೬೧ರ ಮಾತು. ಯಂತ್ರದ ಹೆಸರು ಸ್ವಮತ ಮಾಪಕ. ಬಾಯಿಪಾಠದ ಮಾತಾಡುವಾಗ ಮಿದುಳಿನಲ್ಲಿ ನೆನಪಿನ ಭಾಗವಷ್ಟೇ ಚುರುಕಾಗುತ್ತದೆ. ತಾನೇ ತೂಗಿ ನೋಡಿ ನಂಬಿದ ಮಾತಿಗೆ ಬೇರೆ ಭಾಗಗಳೂ ಏಳುತ್ತವೆ. ಮೊದಲನೆಯದಕ್ಕೆ ಕೆಂಪು, ಎರಡನೆಯದಕ್ಕೆ ಹಸಿರು. ಇದೆಲ್ಲ ಯಾಕೆ ಬೇಕಾಯಿತು ಅಂತೀರಾ? ಹೆಂಡತಿ ಗೆದ್ದರೆ ಗಂಡ ಕುರ್ಚಿಯಲ್ಲಿ ಕೂರುವ ನಮ್ಮ ಚಾಳಿಗೆ! ಈ ಊರು ಕರೇಬೆಣಚಿಯಲ್ಲಂತೂ ಜನ ಗಂಡ ವೀರೇಶ ಹೂಗಾರನನ್ನು ‘ಅಧ್ಯಕ್ಷರು’ ಎನ್ನುತ್ತಿದ್ದರು, ಆರಿಸಿ ಬಂದ ಸೃಷ್ಟಿಯನ್ನು ‘ಅಧ್ಯಕ್ಷರ ಹೆಂಡ್ತಿ’ ಎನ್ನುತ್ತಿದ್ದರು. ಹಸಿರು ಹತ್ತದ ಠರಾವು ರದ್ದು ಎಂದು ಹೊಸ ಕಾಯ್ದೆ ಬಂತು.

ಈ ಠರಾವಾದರೂ ಎಂಥದ್ದು? ಊರಿನ ಹೆಣ್ಣುಮಕ್ಕಳ ಹೈಸ್ಕೂಲನ್ನು ಹನ್ನೊಂದು ಕಿಲೋಮೀಟರ್ ಆಚೆಯ ಶಾಲೆಗೆ ಸೇರಿಸಿ, ಕಟ್ಟಡವನ್ನು ವೀರೇಶನ ಗೋದಾಮಿಗೆ ಕೊಡುವುದು. ಸೃಷ್ಟಿಯ ಮಗಳೂ ಅಲ್ಲೇ ಎಂಟನೆಯ ತರಗತಿ ಓದುತ್ತಿದ್ದಳು. ಹದಿನೈದು ದಿನದ ಹಿಂದೆ, ನಿಹಾರಿಕಾ ಪಟ್ಟಿ ಕಟ್ಟಿಕೊಳ್ಳುವುದನ್ನು ಕಲಿಸುವಾಗ, “ಸಾಲಿ ಮುಚ್ಚಾಕ ಬಿಡೂದಿಲ್ರೀ” ಎಂದಿದ್ದಳು ಈ ಸೃಷ್ಟಿಯೇ. ಆಗ ಹಸಿರು ಹತ್ತಿತ್ತು.

ವೀರೇಶನೇ ಯಂತ್ರಕ್ಕೆ ಕೈ ಹಾಕಿರಬೇಕು, ಕಳ್ಳ! ನಿಹಾರಿಕಾ ಪಟ್ಟಿ ಬಿಚ್ಚಿ ನೋಡಿದಳು. ಮುದ್ರೆ ಒಡೆದಿರಲಿಲ್ಲ. ಸೃಷ್ಟಿಯನ್ನು ಪಕ್ಕದ ಕೋಣೆಗೆ ಕರೆದೊಯ್ದು ಮತ್ತೆ ಕಟ್ಟಿದಳು.

“‘ಸಾಲಿ ಇರಲಿ’ ಅನ್ರಿ, ನೋಡೂಣು.”

ಸೃಷ್ಟಿ ಅಂದಳು. ಕೆಂಪು.

“ಯಜಮಾನ್ರು ಹೆದರಿಸಿದ್ರೇನ್ರೀ? ಖರೆ ಹೇಳ್ರಿ.”

“ಅಯ್ಯ, ಇಲ್ರೀ ಯಕ್ಕಾ!” ಸೃಷ್ಟಿ ನಕ್ಕಳು. “ಬಾಯಿಪಾಠ ಮಾಡಿಸಿದ್ರ ಕೆಂಪು ಹತ್ತತೈತಿ ಅಂತ ಅವರಿಗೆ ಗೊತ್ತಿತ್ತು. ಅದಕ್ಕ ದಿನಾ ಚಾ ಕುಡಿಯೂಮುಂದ ‘ನಿನಗೇನ ಅನಸ್ತೈತಿ’ ಅಂತ ಕೇಳಿದ್ರು. ಹದಿನಾರು ವರ್ಷದಾಗ ಮೊದಲನೇ ಸಲ! ನಾ ಅಂದದ್ದೆಲ್ಲಾ ಕೇಳಿಸ್ಕೊಂಡು ಒಂದೊಂದಕ್ಕೂ ಸಮಾಧಾನ ಹೇಳಿದ್ರು. ಬಸ್ ಬರತೈತಿ, ಅಲ್ಲಿ ಲ್ಯಾಬ್ ಐತಿ ಅಂತ. ನನಗೂ ಹೌದು ಅನಸ್ತು.”

“ಬ್ಯಾರೆ ಯಾರನ್ನೂ ಕೇಳಲಿಲ್ಲೇನು? ಮಾಸ್ತರನ್ನ? ಮಗಳನ್ನ?”

“ಮಾಸ್ತರು ಬಂದಿದ್ರಂತ. ಅಧ್ಯಕ್ಷರ ಮನಸ್ಸು ತಿರುಗಸಬಾರದು, ಕಾಯ್ದೆ ಐತಿ ಅಂತ ಇವರು ಬಾಗಲದಾಗಿಂದನ ಕಳಿಸಿದ್ರು. ಮಗಳಿಗೇನ ತಿಳೀತೈತಿ ಅಂದ್ರು.” ನಗು ನಿಂತಿತು. “ನಿಮ್ಮ ಯಂತ್ರ ನನ್ನ ಮಾತು ನಂದೋ ಅಲ್ಲೋ ಅಂತ ನೋಡತೈತಿ. ನನ್ನ ಕಿವಿಗೆ ಏನು ಬೀಳಲಿಲ್ಲ ಅನ್ನೂದನ್ನ ನೋಡತೈತೇನ್ರೀ?”

ನಿಹಾರಿಕಾ ಅವಳ ಹಣೆಯ ಪಟ್ಟಿ ಬಿಚ್ಚಿದಳು. ಕಾರ್ಯದರ್ಶಿ ಠರಾವಿನ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದ. ದೀಪ ಹಸಿರು, ಯಂತ್ರ ಸರಿ, ಕಾಯ್ದೆಯೂ ಸರಿ. ದೀಪ ನಿಜವೆಂದು ನಿಹಾರಿಕಾ ದೃಢೀಕರಿಸಿ ಸಹಿ ಹಾಕಿದಳು.

ಜೂನಿನಲ್ಲಿ ಬಸ್ಸು ಬಂತು, ಸುಳ್ಳಲ್ಲ. ಮೂವತ್ತೊಂದು ಹುಡುಗಿಯರಲ್ಲಿ ಹತ್ತಿದವರು ಒಂಬತ್ತೇ ಮಂದಿ. ವಯಸ್ಸಿಗೆ ಬಂದ ಮಗಳನ್ನು ಅಷ್ಟು ದೂರ ಕಳಿಸುವುದು ಬೇಡವೆಂದು ವೀರೇಶನೂ ತನ್ನ ಮಗಳನ್ನು ಶಾಲೆ ಬಿಡಿಸಿದ. ಈ ಸಲ ಅವನು ಹೆಂಡತಿಗೆ ಏನನಿಸುತ್ತದೆ ಎಂದು ಕೇಳಲಿಲ್ಲ. ಮನೆಯ ತೀರ್ಮಾನಕ್ಕೆ ಕಾಯ್ದೆ ಹಸಿರು ದೀಪ ಕೇಳುವುದಿಲ್ಲ, ನೋಡಿ.