ದ್ರೋಹಿಯ ತಲೆಯ ಸುತ್ತ ಬೆಳಕು

"ನನಗೊಂದು ಕಾರ್ಡ್ ನೋಡ್ತೀರಾ?"

ಆ ದನಿ ಕೇಳಿದ ಕೂಡಲೇ ಟ್ಯಾರೋ ಕಾರ್ಡುಗಳನ್ನು ಕಲೆಸುತ್ತಿದ್ದ ತೇಜಸ್ವಿನಿಯ ಕೈ ನಿಂತಿತು.

ಎದುರಿನ ಕುರ್ಚಿಯಲ್ಲಿ ಕೂತವನು ಅಂಜನ್‌ಕುಮಾರ್. ಮೊನ್ನೆ ಬೇಸಿಗೆಯಲ್ಲಿ, ಇನ್ನೇನು ನಿಶ್ಚಿತಾರ್ಥ ಎನ್ನುವಾಗ, 'ನನಗೆ ಈ ಮದುವೆ ಬೇಡ, ಕಾರಣ ಕೇಳಬೇಡ' ಎಂದು ಮೆಸೇಜ್ ಕಳಿಸಿ ಫೋನ್ ಎತ್ತುವುದನ್ನೇ ನಿಲ್ಲಿಸಿದವನು. ಕಾಲೇಜಿನ ದಿನಗಳಿಂದ ಬಂದ ಪ್ರೀತಿಗೆ ಅದೊಂದೇ ಸಾಲಿನ ಉತ್ತರ...

"ಸಾರ್‌ಗೆ ಕಾಫಿ ಕೊಡ್ಲಾ, ಇಲ್ಲ ಬಿಸಿನೀರು ತಲೆ ಮೇಲೆ ಸುರೀಲಾ?" ಕೌಂಟರಿನಿಂದ ಅರ್ಶಿಯಾ ಕೇಳಿದಳು.

ಕ್ಯಾತ್ಸಂದ್ರದ ಆ ಪುಟ್ಟ ಕೆಫೆ ಅರ್ಶಿಯಾಳದು. ವಾರವೆಲ್ಲ ವಸಂತನರಸಾಪುರದ ಆಹಾರ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಸ್ಯಾಂಪಲ್ ಪರೀಕ್ಷಿಸುವ ತೇಜಸ್ವಿನಿ, ಭಾನುವಾರ ಮಾತ್ರ ಈ ಗೆಳತಿಯ ಮೂಲೆ ಮೇಜಿನಲ್ಲಿ ಕಾರ್ಡು ಹರಡಿ ಕೂರುತ್ತಿದ್ದಳು. ಹಾಸ್ಟೆಲ್ ಹುಡುಗಿಯರು ಮುತ್ತಿಕೊಳ್ಳುತ್ತಿದ್ದರು. ಕಾರ್ಡು ನಾಳೆಯನ್ನು ಹೇಳುತ್ತದೆಂದು ಅವಳೇನೂ ನಂಬಿರಲಿಲ್ಲ. ಚಿತ್ರ ನೋಡುತ್ತ ಕೂತರೆ ಜನ ತಮ್ಮ ಮನಸ್ಸನ್ನು ತಾವೇ ಹೇಳಿಬಿಡುತ್ತಾರೆ, ಅಷ್ಟೇ.

"ಸುಮ್ನಿರೇ ಅರ್ಶಿಯಾ." ಅವಳು ಅಂಜನ್ ಕಡೆ ತಿರುಗಿದಳು. "ಏನ್ ಕೇಳ್ಬೇಕು ನೀವು?"

'ನೀವು' ಎಂದದ್ದು ಅವನಿಗೆ ತಾಕಿತು.

"ಮನೇಲಿ ಬೇರೆ ಹುಡುಗಿ ನೋಡಿದಾರೆ. ಈ ವಾರ ಹೂಂ ಅನ್ಬೇಕು, ಇಲ್ಲ ಉಹೂಂ ಅನ್ಬೇಕು. ಏನ್ ಮಾಡ್ಲಿ?"

ಇದನ್ನು ಕೇಳಲು ಇವನಿಗೆ ಊರಲ್ಲಿ ಬೇರೆ ಯಾರೂ ಸಿಗಲಿಲ್ಲವೇ...

"ಒಂದು ಕಾರ್ಡ್ ತೆಗೀರಿ."

ಅವನು ತೆಗೆದ. ಒಂದು ಕಾಲಿಗೆ ಹಗ್ಗ ಬಿಗಿದು ತಲೆಕೆಳಗಾಗಿ ನೇತಾಡುತ್ತಿರುವ ಮನುಷ್ಯನ ಚಿತ್ರ.

ತೇಜಸ್ವಿನಿ ಕಹಿಯಾಗಿ ನಕ್ಕಳು. "ಸರಿಯಾದ್ದೇ ಬಂತು. ಹಿಂದೆ ಇಟಲಿಯಲ್ಲಿ ಇದಕ್ಕೆ ದ್ರೋಹಿ ಅಂತಾನೇ ಹೆಸರಿತ್ತು. ನಂಬಿಸಿ ಕೈಕೊಟ್ಟೋರ ಚಿತ್ರಾನ ಹೀಗೆ ಒಂಟಿ ಕಾಲಲ್ಲಿ ನೇತು ಬಿದ್ದಿರೋ ಹಾಗೆ ಗೋಡೆ ಮೇಲೆ ಬರೆಸ್ತಿದ್ರಂತೆ. ಊರೆಲ್ಲ ನೋಡ್ಲಿ ಅಂತ."

ಅಂಜನ್ ಚಿತ್ರವನ್ನೇ ನೋಡುತ್ತಿದ್ದ. "ದ್ರೋಹಿ ಅಂದ್ಮೇಲೆ ತಲೆ ಸುತ್ತ ಈ ಬೆಳಕು ಯಾಕೆ?"

ಉತ್ತರ ಅವಳಿಗೆ ಗೊತ್ತಿತ್ತು. ಹೇಳಲು ಮನಸ್ಸಿರಲಿಲ್ಲ. ಆದರೆ ಅರ್ಧ ಫಲಿತಾಂಶ ಬರೆದು ರಿಪೋರ್ಟ್ ಮುಗಿಸುವ ಅಭ್ಯಾಸವೂ ಅವಳದಲ್ಲ.

"ಅದು ಆಮೇಲೆ ಬಂದ ಅರ್ಥ. ಇವನನ್ನ ಯಾರೂ ಶಿಕ್ಷೆಗೆ ಕಟ್ಟಿಲ್ಲ, ತಾನಾಗೇ ಒಪ್ಕೊಂಡು ನೇತಾಡ್ತಿದಾನೆ ಅಂತಾರೆ. ಕಾಲಿನ ಕೆಂಪು ಬಟ್ಟೆ ಆಸೆ. ಮೈಮೇಲಿನ ನೀಲಿ ಅಂಗಿ ಅದನ್ನ ತಡೆದಿಟ್ಟಿರೋ ಶಾಂತಿ. ಕಂಬ ಒಣಗಿಲ್ಲ, ಚಿಗುರಿದೆ. ತನ್ನದು ಅನ್ನೋದನ್ನ ಬಿಟ್ಟುಕೊಟ್ಟೋರಿಗೆ ಈ ಬೆಳಕು ಬರತ್ತಂತೆ." ಅವಳು ಕಾರ್ಡನ್ನು ಎಳೆದುಕೊಂಡಳು. "ಅದೆಲ್ಲ ಸಂತರಿಗೆ. ನಿಮಗೆ ಹಳೇ ಅರ್ಥಾನೇ ಸರಿ."

"ಕೈ ಯಾಕೆ ಹಿಂದಕ್ಕೆ ಇಟ್ಕೊಂಡಿದಾನೆ?"

"ಏನೋ ಮುಚ್ಚಿಡ್ತಿದಾನೆ."

ಅಂಜನ್ ತಟ್ಟನೆ ಎದ್ದ. ಬಾಗಿಲ ತನಕ ಹೋದವನು ತಿರುಗಿದ. "ಅಪ್ಪಾಜಿ ಆರೋಗ್ಯವಾಗಿದಾರಾ?"

"ನಮ್ಮಪ್ಪನ ಸುದ್ದಿ ನಿಮಗ್ಯಾಕೆ?"

ಅವನು ಹೊರಟುಹೋದ.

ಮನೆಗೆ ಮರಳುವ ಗುಬ್ಬಿಯ ಬಸ್ಸಿನಲ್ಲಿ ಅವಳಿಗೆ ಸಮಾಧಾನವೇ ಇರಲಿಲ್ಲ. ಬಯ್ಯಬೇಕೆಂದುಕೊಂಡದ್ದನ್ನೆಲ್ಲ ಬಯ್ದಿದ್ದಳು. ಅವನು ಯಾಕೆ ಒಂದು ಮಾತೂ ಎದುರಾಡಲಿಲ್ಲ? ಮೋಸ ಮಾಡಿದವನಿಗೆ ಅಪ್ಪನ ಆರೋಗ್ಯದ ಚಿಂತೆ ಯಾಕೆ?

ಮನೆಯ ಜಗಲಿಯಲ್ಲಿ ಅಪ್ಪ ಶಿವರಾಮಯ್ಯ ಕೊಬ್ಬರಿ ಆರಿಸುತ್ತ ಕೂತಿದ್ದರು. ಅವಳು ಕಾರ್ಡನ್ನು ಅವರ ಮುಂದಿಟ್ಟಳು.

"ಅಂಜನ್ ಬಂದಿದ್ದ ಅಪ್ಪ. ಬೇರೆ ಮದುವೆ ಮಾಡ್ಕೊಂತಾನಂತೆ. ಅವನು ತೆಗೆದ ಕಾರ್ಡ್ ಇದು. ದ್ರೋಹಿ ಅಂತ ಅರ್ಥ."

ಶಿವರಾಮಯ್ಯ ಕಾರ್ಡನ್ನು ಕೈಗೆತ್ತಿಕೊಂಡರು. ನೇತಾಡುವವನ ತಲೆ ಮೇಲೆ ಬರುವಂತೆ ಮೆಲ್ಲಗೆ ತಿರುಗಿಸಿದರು.

"ಹಾಗಲ್ಲಪ್ಪ. ಅವನು ತಲೆಕೆಳಗೇ ಇರ್ಬೇಕು."

"ಬ್ಯಾಡ ಕಣಮ್ಮ... ಇವನ್ನ ನೇತಾಕ್ದೋನು ನಾನು."

"ಅಂದ್ರೆ?"

"ನಿಶ್ಚಿತಾರ್ಥಕ್ಕೆ ಮುಂಚೆ ಮನೆದೇವ್ರತ್ರ ಹೂ ಕೇಳ್ದೆ. ಬಲಕ್ಕೆ ಬಿದ್ರೆ ಒಪ್ಗೆ. ಎಡಕ್ಕೆ ಬಿತ್ತು. ಇನ್ನೊಂದಪ ಕೇಳ್ದೆ, ಅದೂ ಎಡಕ್ಕೇ. ನಿಮ್ಮಕ್ಕನ ಮದ್ವೇಗೂ ಹಂಗೇ ಬಿದ್ದಿತ್ತು. ಆಗ ಗಣನೆಗೆ ತಗಳ್ಳಿಲ್ಲ. ವರ್ಷ ತುಂಬಕ್ಮುಂಚೆ ಅಳಿಯ ತೀರ್ಕಂಬುಟ್ಟ." ಅವರು ಕೊಬ್ಬರಿಯನ್ನು ಪಕ್ಕಕ್ಕೆ ಸರಿಸಿದರು. "ಕುಣಿಗಲ್‌ಗೆ ಹೋಗಿ ಆ ಹುಡ್ಗನಿಗೆ ಕೈಮುಗ್ದೆ. ನಾನು ಬ್ಯಾಡ ಅಂದ್ರೆ ಮಗಳು ನನ್ನ ಬುಟ್ಟೋಯ್ತಾಳೆ, ನೀನೇ ಬ್ಯಾಡ ಅಂದ್ಬುಡಪ್ಪ ಅಂದೆ. ಕಾರಣ ಹೇಳಲ್ಲ ಅಂತ ಮಾತೂ ತಗಂಡೆ. ಇವತ್ತಿಗೂ ಬಾಯಿ ಬುಟ್ಟಿಲ್ವಲ್ಲ ಅವ್ನು..."

ತೇಜಸ್ವಿನಿ ಗೋಡೆಗೊರಗಿ ಕೂತಳು. ರಾತ್ರಿಯೆಲ್ಲ ಅಳುವಾಗ ತಲೆ ನೇವರಿಸಿದ ಕೈ ಇದೇ. 'ಹೋಗ್ಲಿ ಬುಡು, ಅವ್ನು ಅಂತೋನು' ಎಂದು ಸಂತೈಸಿದ ಬಾಯಿ ಇದೇ. ಅಂಜನ್ ಬಿಟ್ಟುಹೋದಾಗ ಆದ ಗಾಯಕ್ಕಿಂತ ಇದು ಆಳವಾಗಿತ್ತು.

ಆದರೂ ಪೂರ್ತಿ ದ್ವೇಷಿಸಲಾಗಲಿಲ್ಲ. ಹೂವಿನಲ್ಲಿ ಅಪ್ಪ ಕಂಡದ್ದು ತನ್ನ ಭಯವನ್ನು. ಕಾರ್ಡಿನಲ್ಲಿ ತಾನು ಕಂಡದ್ದೂ ತನ್ನ ಸಿಟ್ಟನ್ನೇ ಅಲ್ಲವೇ? ಆ ತಲೆಯ ಸುತ್ತಲಿನ ಬೆಳಕು ಕಣ್ಣೆದುರಿಗೇ ಇದ್ದರೂ ಬೇಡವೆಂದಿದ್ದಳು.

"ಹೂವನ್ನ ಕೇಳಿದ್ರಿ, ಅಂಜನ್‌ನ ಕೇಳಿದ್ರಿ. ಒಂದೇ ಮನೇಲಿದ್ದ ನನ್ನ ಯಾಕೆ ಕೇಳ್ಲಿಲ್ಲ ಅಪ್ಪ?"



ಮರುದಿನ ಅವಳು ಲ್ಯಾಬಿಗೆ ರಜೆ ಹಾಕಿ ಕುಣಿಗಲ್ ದಾಟಿ ಕೊತ್ತಗೆರೆಗೆ ಹೋದಳು. ಅಂಜನ್ ಅಲ್ಲಿನ ಪಶು ಆಸ್ಪತ್ರೆಯ ಡಾಕ್ಟರು. ಭುಜದವರೆಗೆ ಗ್ಲೌಸ್ ಹಾಕಿಕೊಂಡು ಹಸುವಿನ ಗರ್ಭ ಪರೀಕ್ಷೆ ಮಾಡುತ್ತಿದ್ದ. ಹಸುವಿನ ಒಡತಿ, ಮುದುಕಿ ತಿಪ್ಪಮ್ಮ, ಹಗ್ಗ ಹಿಡಿದು ನಿಂತಿದ್ದಳು.

"ಅಪ್ಪ ಎಲ್ಲ ಹೇಳಿದ್ರು" ಎಂದಳು ತೇಜಸ್ವಿನಿ.

ಅಂಜನ್ ಕೈ ಹೊರಗೆ ತೆಗೆದು ಹಾಗೇ ನಿಂತ. "ತೇಜು... ಅವರಿಗೆ ಮಾತು ಕೊಟ್ಟಿದ್ದೆ."

"ನನಗೂ ಕೊಟ್ಟಿದ್ದೆ. ನೀನು ತ್ಯಾಗ ಮಾಡ್ದೆ ಅಂತ ನಾನು ಕೈಮುಗೀಬೇಕಾ? ನನ್ನಲ್ಲೇ ಏನೋ ಕೊರತೆ ಅಂತ ಇಷ್ಟು ದಿನ ಕನ್ನಡಿ ನೋಡ್ಕೊಂಡು ಅತ್ತಿದೀನಿ ಅಂಜನ್. ಒಳ್ಳೆಯವನಾಗಕ್ಕೆ ಹೋಗಿ ನನಗೆ ದ್ರೋಹ ಮಾಡ್ದೆ."

"ಹೌದು." ಅವನು ವಾದಿಸಲಿಲ್ಲ. "ನಿನಗೆ ಅಪ್ಪ ಇಲ್ದಂಗೆ ಆಗ್ಬಾರ್ದು ಅಂತ ಮಾತ್ರ ಯೋಚಿಸ್ದೆ. ನಿನ್ನೆ ಬಂದಿದ್ದು ಕಾರ್ಡ್ ನೋಡಕ್ಕಲ್ಲ. ನಿನ್ನ ಬಾಯಲ್ಲಿ ಒಂದ್ಸಲ 'ಆ ಮದುವೆ ಬೇಡ' ಅಂತ ಕೇಳಕ್ಕೆ. ಬೇರೆಯವಳ ಜೊತೆ ಬದುಕಕ್ಕೆ ನನ್ನಿಂದ ಆಗಲ್ಲ ತೇಜು."

"ಹಾಗಿದ್ರೆ ಕೇಳು."

"ಯಾರನ್ನ? ಅಪ್ಪಾಜೀನಾ?"

"ಅಪ್ಪನ ಹತ್ರ ಭಾನುವಾರ ಇಬ್ಬರೂ ಹೋಗೋಣ. ಈಗ ನನ್ನನ್ನ ಕೇಳು. ಎಲ್ಲರೂ ನನ್ನ ಬಗ್ಗೆ ಯಾರ್ಯಾರನ್ನೋ ಕೇಳಿದ್ದಾಯ್ತು."

ಅಂಜನ್ ತನ್ನ ಗ್ಲೌಸಿನ ಕಡೆ ನೋಡಿಕೊಂಡ. "ಕೈ ತೊಳ್ಕೊಂಡು ಬಂದು ಕೇಳ್ಲಾ?"

"ಬೇಡ. ಹಾಗೇ ಕೇಳು."

"ಬಿರ್ರನೆ ಕೇಳಪ್ಪ" ಎಂದಳು ತಿಪ್ಪಮ್ಮ. "ನನ್ ಹಸ ನಿಂತೈತೆ."

ಅವನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಶುಚಿಯಾಗಿರಲಿಲ್ಲ. ತೇಜಸ್ವಿನಿ ತನ್ನ ದುಪಟ್ಟಾದ ತುದಿಯಿಂದ ಒರೆಸಿದಳು.

"ನನ್ನ ಮದುವೆ ಆಗ್ತೀಯಾ ತೇಜು?"

"ಇನ್ನೊಂದ್ಸಲ ನನಗೆ ಹೇಳ್ದೆ ನನಗೋಸ್ಕರ ಏನನ್ನೂ ಬಿಟ್ಟುಕೊಡಲ್ಲ ಅನ್ನು."

"ಬಿಟ್ಟುಕೊಡಲ್ಲ."

"ಆಗ್ತೀನಿ" ಎಂದಳು ಅವಳು. "ಈಗ ಹೋಗಿ ಕೈ ತೊಳ್ಕೊ."