ರಾಣಿ ಇಡದ ಮೆಣಸಿನಕಾಯಿ

"ಅಯ್ಯ! ನನ್ನ ರಾಣೀನ್ನ ಬಾವ್ಯಾಗ ನೂಕಾಕ ನೀವ್ಯಾರ್ರಿ?"

ಅರುಣಾ ಸಿಡುಕಿದಾಗ ಎದುರಿಗೆ ಕೂತವನು ನಕ್ಕುಬಿಟ್ಟ. ಕಣ್ಣಲ್ಲೇ ನಗುವ ಆ ಯಲ್ಲೇಶನನ್ನು ಅವಳು ಮೊದಲ ಸಲ ನೋಡಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ!

"ಇಲ್ಲಿ ರಾಣಿ ಒಬ್ಬರ ಸ್ವತ್ತಲ್ಲರಿ. ಕತಿ ಎಲ್ಲಾರದು. ಸೇರಲಿಲ್ಲಾ? ಮೆಣಸಿನಕಾಯಿ ಇಡ್ರಿ, ನನ್ನ ಮಾತು ರದ್ದು!"

ಅದು ರಾಣೆಬೆನ್ನೂರಿನ ಚಮನಸಾಬರ ಬೈಂಡಿಂಗ್ ಅಂಗಡಿಯ ಮಾಳಿಗೆ. ೨೦೦೬ರ ಒಂದು ಭಾನುವಾರದ ಮಧ್ಯಾಹ್ನ. ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದ ಯಲ್ಲೇಶ, ಇಂಟರ್‌ನೆಟ್ ಸೆಂಟರಿನಲ್ಲಿ ಕಂಡ ಆಟವೊಂದನ್ನು ನಾಲ್ಕು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದ. ರಾಣಿ, ರಾಕ್ಷಸ, ಮಾಯದ ಕಾಡು... ಆದರೆ ಕತೆ ಹೇಳುವವರು ಒಬ್ಬರೇ ಅಲ್ಲ. ಸರದಿ ಬಂದವರು ಮುಂದಿನದನ್ನು ಹೇಳಬೇಕು. ಗೆಲುವೋ ಸೋಲೋ ಅನುಮಾನವಾದರೆ ದಾಳ ಉರುಳಿಸಬೇಕು. ಪ್ರತಿಯೊಬ್ಬರ ಮುಂದೆ ಒಂದು ಬ್ಯಾಡಗಿ ಒಣಮೆಣಸಿನಕಾಯಿ. 'ಹೀಗೆ ಆಗಕೂಡದು' ಅನ್ನಿಸಿದರೆ ಅದನ್ನು ನಡುವೆ ಇಟ್ಟರಾಯಿತು. ನಿಯಮ ಅಷ್ಟೇ!

ಬ್ಯಾಡಗಿಯಿಂದ ಅರುಣಾಳನ್ನು ಎಳೆದು ತಂದವಳು ಚಮನಸಾಬರ ಮಗಳು, ಗೆಳತಿ ದಿಲನಾಜ.

ಅರುಣಾ ಮೆಣಸಿನಕಾಯಿ ಮುಟ್ಟಲಿಲ್ಲ. "ಬಾವ್ಯಾಗ ಬಿದ್ದ ರಾಣಿಗೆ ತಳದಾಗ ಒಂದು ಬಾಗಲಾ ಸಿಕ್ತು..." ಎಂದು ಶುರುಮಾಡಿದಳು.

ಯಲ್ಲೇಶ ನಗುವುದನ್ನೇ ಮರೆತ!

ಏಳು ಭಾನುವಾರ ಕಳೆದವು. ಅವಳ ರಾಣಿ, ಅವನ ರಾವುತ ಸೇರಿ ಹಾವಿನ ಊರು ದಾಟಿದರು, ಗಿಣಿಗಳ ಕೋಟೆ ಗೆದ್ದರು. ಅರುಣಾಳ ಮೆಣಸಿನಕಾಯಿ ಮಾತ್ರ ಇದ್ದಲ್ಲೇ ಇತ್ತು.

ಎಂಟನೆಯ ಭಾನುವಾರ ಅವಳು ನಿರ್ಧರಿಸಿಯೇ ಬಂದಿದ್ದಳು. 'ಇವತ್ತ ಆಟ ಮುಗದ ಮ್ಯಾಲೆ ಹೇಳೇಬಿಡ್ತೇನಿ, ನೀವಂದ್ರ ನನಗ ಜೀವ ಅಂತ...'

ಆದರೆ ಯಲ್ಲೇಶ ಅವಳನ್ನೇ ನೋಡುತ್ತ ನಿಧಾನವಾಗಿ ಹೇಳಿದ: "ರಾವುತ ಕುದರಿ ಹತ್ತಿದ. ರಾಣೀನ್ನ ಬಿಟ್ಟು ಹೊಳಿ ದಾಟಾಕತ್ಯಾನ... ಮತ್ತ ಬರೂದಿಲ್ಲ."

ಇದು ಬರೀ ಕತೆಯೋ, ತನಗೇ ಹೇಳಿದ ಮಾತೋ? ಬೆರಳು ಮೆಣಸಿನಕಾಯಿಯ ತನಕ ಹೋಗಿ... ಅಲ್ಲೇ ನಿಂತಿತು.

ಮೆಣಸಿನ ತೊಟ್ಟು ಬಿಡಿಸುತ್ತ ಕತೆ ಹೇಳಿ ಬೆಳೆಸಿದ ಅಜ್ಜಿ ಮಂಗಳವ್ವನ ಕಟ್ಟಳೆ ಒಂದೇ: "ಕತಿ ಹೇಳಾವರನ್ನ ನಡುವ ತಡೀಬಾರದವ್ವಾ. ಕತ್ಯಾಗಿನ ಮಂದಿ ದಾರಿ ತಪ್ಪತಾರ."

ಅರುಣಾ ಕೈ ಹಿಂದಕ್ಕೆ ತೆಗೆದುಕೊಂಡಳು. ಯಲ್ಲೇಶ ಹಾಳೆ ಮಡಚಿ ಎದ್ದು ಹೋದ. ಮುಂದಿನ ಭಾನುವಾರ ಅವನು ಬರಲೇ ಇಲ್ಲ.

"ಆತಲ್ಲ! ನಾ ಬ್ಯಾಡಾಗೇನಿ ಅನ್ನೂದನ್ನ ಕತ್ಯಾಗ ಹೇಳಿ ಹೋದ," ಎಂದಳು ಅರುಣಾ.

ದಿಲನಾಜ ಹಣೆ ಬಡಿದುಕೊಂಡಳು. "ಹುಚ್ಚಿ ಅದೀಯಲ್ಲ! ನೀ ತಡೀತೀಯೇನೋ ಅಂತ ನೋಡಾಕ ಹಂಗ ಹೇಳ್ಯಾನ. ನಿನ್ನೆ ಸಿಕ್ಕಿದ್ದ, ಮಾರಿ ಸಣ್ಣದು ಮಾಡ್ಕೊಂಡು! 'ನಾ ಇದ್ರೂ ಅಷ್ಟ, ಹೋದ್ರೂ ಅಷ್ಟ ಆಕಿಗೆ' ಅಂದ."

ಅರುಣಾಗೆ ಅಳು ಬರಲಿಲ್ಲ. ಸಿಟ್ಟು ಬಂತು!

ಮರುದಿನ ಬೆಳಿಗ್ಗೆ ಬೀಜದ ಅಂಗಡಿಯಲ್ಲಿ ಪಾಕೀಟು ಜೋಡಿಸುತ್ತಿದ್ದ ಯಲ್ಲೇಶನ ಮುಂದೆ ಒಂದು ಒಣಮೆಣಸಿನಕಾಯಿ ಬಂದು ಕೂತಿತು.

"ರಾವುತ ಹೊಳಿ ದಾಟೂದಿಲ್ಲ!"

ಅವನು ತಲೆಯೆತ್ತಿದ. "ಅವತ್ತ... ಯಾಕ ಇಡಲಿಲ್ಲರಿ?"

"ಹೇಳಾವರನ್ನ ತಡೀಬಾರದಂತ ನಮ್ಮ ಅಜ್ಜಿ ಕಲಿಸ್ಯಾಳ. ನಿನ್ನೆ ಆಕೀನ್ನ ಕೇಳಿದೆ."

"ಏನಂದ್ರು?"

"'ಅದು ನಾ ಹೇಳೂ ಕತಿಗವ್ವಾ! ನಿನ್ನ ಬಾಳಿನ ಕತೀನ್ನ ಒಬ್ಬ ತಪ್ಪು ಹೇಳಾಕತ್ರ ಬಾಯಿ ಮುಚ್ಚಿ ಕುಂದರ್ತೀಯೇನ?' ಅಂದ್ಲು."

ಯಲ್ಲೇಶನ ಕಣ್ಣು ಮತ್ತೆ ನಕ್ಕಿತು, ಈ ಸಲ ಸ್ವಲ್ಪ ತೇವವಾಗಿ. "ನನ್ನ ಮಾತು ರದ್ದು. ಸರದಿ ನಿಮ್ಮದು."

"ರಾಣಿ ಕುದರಿ ಲಗಾಮು ಹಿಡದ್ಲು. 'ನೀವಂದ್ರ ನನಗ ಜೀವ' ಅಂದ್ಲು."

"ರಾಣಿ ಅಂದ್ಲೋ... ನೀವು ಅಂದ್ರೋ?"

"ನಾನು. ರಾಣಿ ಆಮ್ಯಾಲೆ ಅಂದ್ಲು."

ಅವನು ಮೆಣಸಿನಕಾಯಿಯನ್ನು ಜೋಪಾನವಾಗಿ ಎತ್ತಿ ಅವಳ ಅಂಗೈಗೇ ಇಟ್ಟ. "ಇಟ್ಕೋರಿ. ಜೀವಮಾನಾ ಪೂರ್ತಿ ಬೇಕಾಗತೈತಿ. ನಂಗೂ ನೀವಂದ್ರ ಹಂಗ."

"ಕುದರಿ ಒಂದ ಐತಲ್ಲರಿ... ಲಗಾಮು ಯಾರ ಕೈಯಾಗ?"

"ಸರದಿ ಪ್ರಕಾರರಿ!"